ರಸಿಕರ ಸಾಲಿನಲ್ಲಿ ಎಡೆ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳಿ ಕೈಮುಗಿಯದ ಕನ್ನಡಿಗರು ವಿರಳ. ಜನ್ಮಾಂಧರಾದ ಪಂಚಾಕ್ಷರ ಗವಾಯಿಗಳೂ (1892–1944), ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಂಧರಿಗೂ ಅನಾಥರಿಗೂ ಅನ್ನವನ್ನೂ ಸಂಗೀತವಿದ್ಯೆಯನ್ನೂ ಕೊಟ್ಟು ಸಲಹಿ, ನಾಟಕದ ಕಂಪನಿಯನ್ನು ಸಹ ಕಟ್ಟಿ ನಡೆಸಿದುದು ನಮ್ಮ ಸಾಂಸ್ಕೃತಿಕ ಚರಿತ್ರೆಯ ಪುಣ್ಯಪರ್ವ. ಆದರೆ ಅಂಧನು ಗಾಯಕನಾಗಿ ವೇದಿಕೆಯ ಮೇಲೆ ಕುಳಿತಾಗ ತಲೆಬಾಗುವ ನಾವು, ಅವನೇ ರಸಿಕನಾಗಿ ನಾಟಕಕ್ಕೋ ಶಿಲ್ಪದರ್ಶನಕ್ಕೋ ಬಂದಾಗ ಅವನಿಗೋಸುಗ ಏನನ್ನು ಸಿದ್ಧಪಡಿಸಿಟ್ಟಿರುತ್ತೇವೆ? ಅಸಾಧಾರಣ ಪ್ರತಿಭೆಗೆ ಗೌರವವು ಸಲ್ಲುತ್ತದೆ. ಸಾಮಾನ್ಯನಾಗಿ ಟಿಕೇಟು ಕೊಂಡು ನಾಲ್ವರೊಡನೆ ಕುಳಿತು ಆನಂದಿಸುವ ಅಧಿಕಾರ ಮಾತ್ರ ಸಲ್ಲದು. ಕಲೆಯನ್ನು ವಿಕಲಾಂಗರಿಗೆ ಸುಗಮಗೊಳಿಸುವುದು ಸರಕಾರದ ಕರ್ತವ್ಯವೆಂದು 2016ರ ವಿಕಲಾಂಗರ ಹಕ್ಕುಗಳ ಅಧಿನಿಯಮದ 29ನೆಯ ಪ್ರಕರಣವು ವಿಧಿಸಿದೆಯಾದುದರಿಂದ, ಇದು ದಯೆಯ ಮಾತಲ್ಲ.

ನಮ್ಮ ಪರಂಪರೆಯಲ್ಲಿಯೇ ಇದಕ್ಕೊಂದು ದಾರಿದೀಪವಿದೆ. ಕರಾವಳಿಯಲ್ಲಿ ಮಳೆ ಹಿಡಿದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ, ದೇವಸ್ಥಾನದ ಚಾವಡಿಯಲ್ಲೋ ಮನೆಯ ಜಗಲಿಯಲ್ಲೋ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದವೂ, ಚೆಂಡೆ ಮದ್ದಳೆಗಳ ನಾದವೂ, ಪದಕ್ಕೆ ‘ಅರ್ಥ’ವೆಂಬ ಮಾತನ್ನು ಕಟ್ಟುವ ಅರ್ಥಧಾರಿಯ ವಾಗ್ವೈಭವವೂ ಕೂಡಿ ಕರ್ಣನ ಸಂಕಟವನ್ನು ಕಿವಿಯೊಂದರಿಂದಲೇ ಹೃದಯಕ್ಕೆ ಮುಟ್ಟಿಸುತ್ತವೆ. ಅಲ್ಲಿ ಕಣ್ಣಿಲ್ಲದವನಿಗೆ ಯಾವುದೊಂದೂ ಕೊರತೆಯಾಗದು. ಅದೇ ಪ್ರಸಂಗವು ಬಯಲಾಟವಾಗಿ ರಂಗಸ್ಥಳವನ್ನೇರಿದಾಗ ಅವನ ಪಾಲು ಅರ್ಧಕ್ಕಿಳಿಯುತ್ತದೆ. ಆಟಕ್ಕೆ ಮುನ್ನ ವೇಷ ಕಟ್ಟುವ ಚೌಕಿಗೆ ಕರೆದೊಯ್ದು, ಕಿರೀಟದ ಎತ್ತರವನ್ನೂ ಭುಜಕೀರ್ತಿಯ ಕೆತ್ತನೆಯನ್ನೂ ಗೆಜ್ಜೆಯ ಭಾರವನ್ನೂ ಅವನ ಕೈಗೇ ತಿಳಿಯಗೊಟ್ಟು, ಆಟದ ನಡುವೆ ಪ್ರವೇಶ ನಿಷ್ಕ್ರಮಣಗಳನ್ನು ಮೆಲುದನಿಯಲ್ಲಿ ವಿವರಿಸಬಲ್ಲವನೊಬ್ಬನು ಪಕ್ಕದಲ್ಲಿದ್ದರೆ, ಕಳೆದುಹೋದ ಪಾಲಿನಲ್ಲಿ ಬಹುಭಾಗ ಮರಳಿ ದೊರೆಯುತ್ತದೆ.

ಕಿವುಡರ ಪಾಡು ಇದಕ್ಕೆ ವಿಪರ್ಯಾಯವಾದುದು. ಅವರನ್ನು ನಾವು ಇನ್ನೂ ಹೆಚ್ಚಾಗಿ ಮರೆತಿದ್ದೇವೆಂದು ನನ್ನ ಭಾವನೆ. ಬಣ್ಣದ ವೇಷದ ಅಬ್ಬರವು ಅವರ ಕಣ್ಣಿಗೆ ತುಂಬಿದರೂ ಪದ್ಯವೂ ಅರ್ಥವೂ ಕೈತಪ್ಪುತ್ತವೆ. ಪ್ರಸಂಗದ ಪದ್ಯಗಳು ಪುಸ್ತಕಗಳಲ್ಲಿ ಅಚ್ಚಾಗಿಯೇ ಇರುವುದರಿಂದ ಅವನ್ನು ರಂಗಸ್ಥಳದ ಪಕ್ಕದ ಪರದೆಯೊಂದರ ಮೇಲೆ ಮೂಡಿಸುವುದು ದುಸ್ಸಾಧ್ಯವೇನಲ್ಲ. ಅರ್ಥವಾದರೋ ಆ ಕ್ಷಣದಲ್ಲಿಯೇ ಹುಟ್ಟುವಂಥದು. ಅದಕ್ಕೆ ಪ್ರಸಂಗವನ್ನು ಮೊದಲೇ ಅಭ್ಯಾಸಮಾಡಿ, ಕಲಾವಿದರೊಡನೆ ಕುಳಿತು ಅರಿತ ಸನ್ನೆಭಾಷೆಯ ದುಭಾಷಿ ಬೇಕು.

ಶಿಲ್ಪದ ವಿಷಯಕ್ಕೆ ಬಂದರೆ, 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರಿನಲ್ಲಿ ಮದನಿಕೆಯರು ಸೂರಿನಡಿಯಲ್ಲಿ ಕೈಗೆಟುಕದೆತ್ತರದಲ್ಲಿ ನಿಂತಿದ್ದಾರೆ. ಎಟುಕುವ ಆನೆಸಾಲನ್ನು ಎಲ್ಲರೂ ತಡವತೊಡಗಿದರೆ ಕಲ್ಲು ಸವೆದೀತೆಂಬ ಆತಂಕವೂ ನ್ಯಾಯವಾದುದೇ. ಆದರೆ ಅಂಥ ಬಳಪದ ಕಲ್ಲಿನಲ್ಲಿಯೇ ತದ್ರೂಪಗಳನ್ನು ಕಡೆಯಬಲ್ಲ ಶಿಲ್ಪಿಗಳು ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2015ರಲ್ಲಿ ‘ಅನುಭವ್’ ಎಂಬ ಸ್ಪರ್ಶಶಾಲೆಯನ್ನು ತೆರೆದು, ತನ್ನ ಸಂಗ್ರಹದ ಪ್ರತಿಕೃತಿಗಳನ್ನು ಮುಟ್ಟಿ ನೋಡಲು ಅವಕಾಶವಿತ್ತಿತು. ಬೇಲೂರು ಹಳೆಯಬೀಡುಗಳಲ್ಲಿ ಅಂಥದೊಂದು ಸುಸಜ್ಜಿತವಾದ ಶಾಲೆಯಿದ್ದು, ದರ್ಪಣಸುಂದರಿಯ ಭಂಗಿಯನ್ನು ಬೆರಳುಗಳು ನಿಧಾನವಾಗಿ ಓದುವಂತಾದರೆ, ಓಡೋಡಿ ಬಂದು ಚಿತ್ರ ತೆಗೆದುಕೊಂಡು ಹೋಗುವ ಕಣ್ಣುಳ್ಳವರಿಗಿಂತ ಆ ರಸಿಕನೇ ಶಿಲ್ಪಿಗೆ ಹೆಚ್ಚು ಸಮೀಪನಾದಾನು.

ರಂಗಮಂದಿರಗಳಲ್ಲಿ ಇಳಿಜಾರು ಹಾದಿಯನ್ನು ಬಾಗಿಲವರೆಗೆ ಕಟ್ಟಿ ಕೃತಾರ್ಥರಾಗುವವರುಂಟು. ಗಾಲಿಕುರ್ಚಿಯಲ್ಲಿರುವಾತನು ನಟನೂ ಆಗಿರಬಹುದು. ಆದಕಾರಣ ಆ ಹಾದಿ ನೇಪಥ್ಯಕ್ಕೂ ರಂಗದ ಮೇಲಕ್ಕೂ ಮುಂದುವರಿಯಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಅಕಾಡೆಮಿಗಳೂ ತಾವು ನೀಡುವ ಧನಸಹಾಯಕ್ಕೆ ಇಂಥ ಏರ್ಪಾಡುಗಳನ್ನು ನಿಬಂಧನೆಯಾಗಿ ಸೇರಿಸಿ, ಅವುಗಳ ವೆಚ್ಚವನ್ನು ಬಡ ಮೇಳಗಳ ಮೇಲೂ ಹವ್ಯಾಸಿ ತಂಡಗಳ ಮೇಲೂ ಹೊರಿಸದೆ ಅನುದಾನದಲ್ಲಿಯೇ ಪ್ರತ್ಯೇಕವಾಗಿ ತೆಗೆದಿರಿಸತಕ್ಕದ್ದು. ಆ ನಿಬಂಧನೆಗಳನ್ನು ರಚಿಸುವ ಸಮಿತಿಯಲ್ಲಿ ಅಂಧ, ಕಿವುಡ ಹಾಗೂ ಗಾಲಿಕುರ್ಚಿಯ ರಸಿಕರೂ ಕಲಾವಿದರೂ ಸದಸ್ಯರಾಗಿರತಕ್ಕದ್ದು.