ಬರ್ಲಿನ್ನಿನ ಪರಿಷೆ

ಗದ್ದಲಕ್ಕೂ ಪರಂಪರೆಯ ಪಟ್ಟ ದೊರೆಯುವುದುಂಟೆ? ಜರ್ಮನಿಯಲ್ಲಿ ದೊರೆತಿದೆ. 2024ರ ಮಾರ್ಚ್ ತಿಂಗಳಲ್ಲಿ ಆ ದೇಶದವರು ತಮ್ಮ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಯಲ್ಲಿ ಬರ್ಲಿನ್ ನಗರದ 'ಟೆಕ್ನೊ' ಸಂಸ್ಕೃತಿಯನ್ನು ಸೇರಿಸಿಕೊಂಡರು. ಯುನೆಸ್ಕೋದ ಜಾಗತಿಕ ಪಟ್ಟಿಯೇ ಬೇರೆ. ಇದು ಅವರ ಮನೆಯೊಳಗಿನ ಪಟ್ಟಿ. ಆದರೂ ಈ ಸುದ್ದಿಯನ್ನು ಓದಿದ ನಮ್ಮ ಕಾಲೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ಕನ್ನಡಕವನ್ನು ಹಣೆಗೇರಿಸಿ, "ಏನ್ರೀ, ನೀವು ಆ ದೇಶದಲ್ಲಿ ಇದ್ದು ಬಂದವರು. ಇದಕ್ಕೂ ಸಂಸ್ಕೃತಿ ಅಂತಾರೇನ್ರೀ?" ಎಂದು ಕೇಳಿದರು. ಅಧ್ಯಾಪಕರ ಕೊಠಡಿಯಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುವುದರೊಳಗೆ ಗಂಟೆ ಹೊಡೆಯುತ್ತದೆ. ಆದಕಾರಣ ವಾಚಕರ ಮುಂದೆ ಇಡುತ್ತಿದ್ದೇನೆ.

2022ರಲ್ಲಿ ನಾನು ಟ್ಯೂಬಿಂಗೆನ್ನಿನಲ್ಲಿ ವಿದ್ಯಾರ್ಥಿಯಾಗಿದ್ದೆನು. ನೆಕ್ಕರ್ ನದಿಯ ದಡದ ಈ ಪುಟ್ಟ ಊರು ಕನ್ನಡಿಗರಿಗೆ ಪರಕೀಯವಲ್ಲ. ನಮ್ಮ ನಿಘಂಟಿನ ಕಿಟ್ಟೆಲರು 1903ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲಿಯೇ. ರಾತ್ರಿ ಹತ್ತಾದರೆ ಬೀದಿಯಲ್ಲಿ ಸ್ವಂತ ಹೆಜ್ಜೆಯ ಸದ್ದಿಗೆ ತಾನೇ ಬೆಚ್ಚಬೇಕು, ಅಂಥ ಶಾಂತಿ. ಆ ಬೇಸಿಗೆಯ ಮೂರು ತಿಂಗಳು ಜರ್ಮನ್ ಸರ್ಕಾರವು ತಿಂಗಳಿಗೆ ಕೇವಲ 9 ಯೂರೋ ಪಡೆದು, ದೇಶದಾದ್ಯಂತ ಸಾಮಾನ್ಯ ರೈಲುಗಳಲ್ಲಿ ಎಷ್ಟು ಬೇಕಾದರೂ ತಿರುಗಾಡಬಹುದೆಂದು ಸಾರಿತ್ತು. ವಿದ್ಯಾರ್ಥಿವೇತನದವನಿಗೆ ಇದಕ್ಕಿಂತ ವರವುಂಟೆ? ವಸತಿಗೃಹದಲ್ಲಿ ಪಕ್ಕದ ಕೋಣೆಯಲ್ಲಿದ್ದ ಜರ್ಮನ್ ಗೆಳೆಯನೊಬ್ಬನು, "ಬರ್ಲಿನ್ನಿಗೆ ಬಾ, ಒಂದು ಮೆರವಣಿಗೆ ತೋರಿಸುತ್ತೇನೆ" ಎಂದನು. ಅಲ್ಲಲ್ಲಿ ಇಳಿದು, ಗಾಡಿಯಿಂದ ಗಾಡಿಗೆ ಹಾರಿ, ಬುತ್ತಿಯ ಬ್ರೆಡ್ಡು ಒಣಗಿ ಹಪ್ಪಳವಾದ ಮೇಲೆ ಬರ್ಲಿನ್ ಸೇರಿದೆವು.

ಈ ಸಂಗೀತದ ಜಾತಕವನ್ನು ಸ್ವಲ್ಪ ಹೇಳಬೇಕು. 1970ರಲ್ಲಿ ಡ್ಯೂಸೆಲ್‌ಡಾರ್ಫ್ ನಗರದಲ್ಲಿ 'ಕ್ರಾಫ್ಟ್‌ವೆರ್ಕ್' ಎಂಬ ತಂಡ ಹುಟ್ಟಿ, ಯಂತ್ರಗಳ ದನಿಯಿಂದಲೇ ಹಾಡು ಕಟ್ಟಿತು. ಅದನ್ನು ರೇಡಿಯೋದಲ್ಲಿ ಕೇಳಿ ಮನಸೋತವರು ಅಮೆರಿಕದ ಡೆಟ್ರಾಯಿಟ್ ಪ್ರಾಂತದ ಕಪ್ಪು ಜನಾಂಗದ ತರುಣರು: ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ಜಪಾನಿನ ರೋಲ್ಯಾಂಡ್ ಕಂಪನಿಯು ತಯಾರಿಸಿ, ಮಾರಾಟವಾಗದೆ ಕೈಬಿಟ್ಟಿದ್ದ ತಾಳಯಂತ್ರಗಳು ಆಗ ಅಗ್ಗದ ದರಕ್ಕೆ ಸಿಕ್ಕುತ್ತಿದ್ದವು. ಮೋಟಾರು ಕಾರ್ಖಾನೆಗಳು ಮುಚ್ಚುತ್ತಿದ್ದ ಊರಿನಲ್ಲಿ, ಯಾರಿಗೂ ಬೇಡವಾದ ಯಂತ್ರಗಳಿಂದ ಈ ಹುಡುಗರು ಹೊಸ ನಾದವನ್ನು ಹೊರಡಿಸಿದರು. ಅದು ಸಮುದ್ರ ದಾಟಿ ಮರಳಿ ಜರ್ಮನಿಗೆ ಬರುವ ವೇಳೆಗೆ ಬರ್ಲಿನ್ ಗೋಡೆ ಬಿದ್ದಿತ್ತು. ಪೂರ್ವಭಾಗದಲ್ಲಿ ಒಡೆಯರಿಲ್ಲದ ಕಟ್ಟಡಗಳು ಬಾಯ್ದೆರೆದು ನಿಂತಿದ್ದವು. 1991ರಲ್ಲಿ ಹಳೆಯ ವೆರ್ಟ್‌ಹೈಮ್ ಅಂಗಡಿಯ ನೆಲಮಾಳಿಗೆಯ ಭದ್ರ ಕೊಠಡಿಗಳಲ್ಲಿ 'ಟ್ರೆಸೋರ್' ಎಂಬ ನೃತ್ಯಶಾಲೆ ತೆರೆಯಿತು. ಪೂರ್ವ ಪಶ್ಚಿಮಗಳ ಹುಡುಗರು ರಾಜಕಾರಣಿಗಳಿಗಿಂತ ಮೊದಲು ಒಂದಾದದ್ದು ಇಂಥ ಕತ್ತಲೆಯ ಮಾಳಿಗೆಗಳಲ್ಲಿಯೇ ಎಂದು ನನ್ನ ಗೆಳೆಯನ ವಾದ. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿರಬಹುದು, ಇರಲಿ.

ಮೆರವಣಿಗೆಯಂತೂ ಗೋಡೆಗಿಂತ ಹಳೆಯದು. 1989ರ ಜುಲೈ ತಿಂಗಳಲ್ಲಿ, ಗೋಡೆ ಬೀಳುವುದಕ್ಕೆ ನಾಲ್ಕು ತಿಂಗಳು ಮೊದಲು, 'ಡಾಕ್ಟರ್ ಮೊಟ್ಟೆ' ಎಂಬ ಹೆಸರಿನ ಸಂಗೀತಗಾರನು ಸುಮಾರು 150 ಮಂದಿಯೊಡನೆ ಪಶ್ಚಿಮ ಬರ್ಲಿನ್ನಿನ ಬೀದಿಯಲ್ಲಿ ಕುಣಿದು ಹೋದನು. ಅದೇ 'ಲವ್ ಪರೇಡ್'. ಪೊಲೀಸರಲ್ಲಿ ಅದನ್ನು ರಾಜಕೀಯ ಪ್ರದರ್ಶನವೆಂದು ನೋಂದಾಯಿಸಿದ್ದನು. ಘೋಷಣೆ ಏನು ಗೊತ್ತೆ? "ಶಾಂತಿ, ಸಂತೋಷ, ಮೊಟ್ಟೆದೋಸೆ." ಶಾಂತಿಯೆಂದರೆ ನಿಶ್ಶಸ್ತ್ರೀಕರಣ, ಸಂತೋಷವೆಂದರೆ ಸಂಗೀತದ ಮೂಲಕ ಜನಾಂಗಗಳ ಸೌಹಾರ್ದ, ದೋಸೆಯೆಂದರೆ ಅನ್ನದ ನ್ಯಾಯವಾದ ಹಂಚಿಕೆ ಎಂಬ ವ್ಯಾಖ್ಯಾನವೂ ಇತ್ತು. ನಮ್ಮ ಟೀಕಾಕಾರರೂ ಇದಕ್ಕೆ ತಲೆದೂಗಬೇಕು! ಹತ್ತು ವರ್ಷಗಳಲ್ಲಿ ಆ 150 ಮಂದಿ ಲಕ್ಷಾಂತರವಾದರು. ಟೀರ್‌ಗಾರ್ಟನ್ ಉದ್ಯಾನದ ಮರಗಳ ಬುಡಕ್ಕೆ ಮೂತ್ರದಭಿಷೇಕವಾಗಿ, ಮರುದಿನ ಬೆಟ್ಟದಷ್ಟು ಕಸ ಉಳಿಯತೊಡಗಿತು.

ಕಸ ಗುಡಿಸುವ ಖರ್ಚು ಯಾರದು? ರಾಜಕೀಯ ಸಭೆಯಾದರೆ ಸರ್ಕಾರದ್ದು, ಜಾತ್ರೆಯಾದರೆ ನಡೆಸುವವರದು. ಈ ವ್ಯಾಜ್ಯವು ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. 2001ರ ಜುಲೈ ತಿಂಗಳಲ್ಲಿ ನ್ಯಾಯಾಧೀಶರು, ಜನರ ಅಭಿಪ್ರಾಯವನ್ನು ರೂಪಿಸುವ ಕಾರ್ಯದಲ್ಲಿ ತೊಡಗಿದರೆ ಮಾತ್ರ ಅದು ಸಭೆ, ಬರಿಯ ಜೀವನೋಲ್ಲಾಸದ ಪ್ರದರ್ಶನವು ಸಭೆಯಲ್ಲ ಎಂಬ ನಿಲುವು ತಳೆದರು. ಇದನ್ನು ತಿಳಿದಾಗ ಕನ್ನಡದ ಮೇಷ್ಟರಾದ ನನಗೆ ನೆನಪಾದದ್ದು ಒಂದು ಶಬ್ದ. ಪರಿಷತ್ತು ಎಂದರೆ ಸಭೆ. ಅದರ ತದ್ಭವವಾದ ಪರಿಷೆ ಎಂದರೆ ಜಾತ್ರೆ. ಆ ನ್ಯಾಯಾಧೀಶರು ಬಹು ಪ್ರಯಾಸದಿಂದ ಬೇರ್ಪಡಿಸಿದ ಎರಡು ವಸ್ತುಗಳನ್ನು ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆ ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ. ನನ್ನ ಮಟ್ಟಿಗೆ ಶಬ್ದದ ತೀರ್ಪೇ ಹೆಚ್ಚು ಸರಿಯೆಂದು ತೋರುತ್ತದೆ.

ನಾನು ಕಂಡದ್ದು ಲವ್ ಪರೇಡನ್ನಲ್ಲ, ಅದು ನಿಂತುಹೋಗಿತ್ತು. ಅದೇ ಮೊಟ್ಟೆ ಮಹಾಶಯನು ಮುನ್ನಡೆಸಿದ 'ರೇವ್ ದ ಪ್ಲಾನೆಟ್' ಎಂಬ ಹೊಸ ಮೆರವಣಿಗೆಯನ್ನು, 2022ರ ಜುಲೈ 9ರಂದು. ಟೆಕ್ನೊ ಸಂಸ್ಕೃತಿಗೆ ಪರಂಪರೆಯ ಮನ್ನಣೆ ಬೇಕೆಂಬುದು ಅದರ ಬೇಡಿಕೆಗಳಲ್ಲೊಂದು. ಬೇಡಿಕೆಯಿದ್ದುದರಿಂದ ಅದು ಸಭೆಯೂ ಆಯಿತು! ಲಾರಿಗಳ ಮೇಲೆ ಆಳೆತ್ತರದ ಧ್ವನಿವರ್ಧಕಗಳು, ಅವುಗಳ ಹಿಂದೆ ಹೊಳೆಯಂತೆ ಜನ. ಚಿನ್ನದ ರೆಕ್ಕೆಯ ವಿಜಯದೇವಿ ನಿಂತಿರುವ ಸ್ತಂಭದ ಕಡೆಗೆ ಅದು ಸಾಗುತ್ತಿತ್ತು. ಬೆಳ್ಳಿ ಬಣ್ಣ ಬಳಿದುಕೊಂಡವರು, ರೆಕ್ಕೆ ಕಟ್ಟಿಕೊಂಡವರು, ಕಿವಿಗೆ ಹತ್ತಿ ತುರುಕಿಕೊಂಡು ಕೈ ಕೈ ಹಿಡಿದು ಕುಣಿಯುತ್ತಿದ್ದ ಎಪ್ಪತ್ತರ ದಂಪತಿಗಳು. ಬಿಯರ್ ಸೀಸೆಗಳಿಗೆ ಬರವಿರಲಿಲ್ಲ. ಅದಕ್ಕಿಂತ ಉಗ್ರವಾದುದನ್ನು ಸೇವಿಸಿ ಕಣ್ಣು ನೆಟ್ಟವರೂ ಇದ್ದರು. ಅವರನ್ನು ಕಂಡು ನನಗೆ ಸಂತೋಷವಾಗಲಿಲ್ಲವೆಂದು ಹೇಳಿಬಿಡುವುದು ಒಳಿತು.

ಇನ್ನು ಸಂಗೀತ. ನಿಮಿಷಕ್ಕೆ 130ರ ಆಸುಪಾಸಿನ ಬಡಿತ, ನಾಲ್ಕು ನಾಲ್ಕರ ಎಣಿಕೆ. ಸಾಹಿತ್ಯವಿಲ್ಲ, ಪಲ್ಲವಿಯಿಲ್ಲ. ಮಾತನ್ನೇ ಅನ್ನವಾಗಿ ಉಣ್ಣುವ ನನ್ನಂಥವನಿಗೆ ಮೊದಲ ಅರ್ಧ ಗಂಟೆ ಅದು ಎದೆಯ ಮೇಲೆ ಒನಕೆಯ ಪೆಟ್ಟಿನಂತಿತ್ತು. ಬೆರಳು ಮಡಚಿ ಎಣಿಸತೊಡಗಿದೆನು. ಆಗ ತಿಳಿಯಿತು: ಬಡಿತ ಬದಲಾಗುವುದಿಲ್ಲ, ಅದರ ಮೇಲಿನ ಪದರಗಳು ಬದಲಾಗುತ್ತವೆ. ಎಂಟು, ಹದಿನಾರು, ಮೂವತ್ತೆರಡು ಸುತ್ತಿಗೊಮ್ಮೆ ಒಂದು ನಾದ ಸೇರುತ್ತದೆ, ಒಂದು ಜಾರಿಹೋಗುತ್ತದೆ. ಒಮ್ಮೆ ತಳದ ಬಡಿತವೇ ಮಾಯವಾಗಿ ಸಾವಿರಾರು ಕೈಗಳು ಗಾಳಿಯಲ್ಲಿ ನಿಲ್ಲುತ್ತವೆ. ಅದು ಮರಳಿದೊಡನೆ ಒಂದೇ ಉದ್ಗಾರ. ತನಿ ಆವರ್ತನದ ಕೊನೆಯಲ್ಲಿ ಮೋರಾ ಮುಗಿದು ಎಡುಪಿಗೆ ಬಂದಾಗ ನಮ್ಮ ಸಭೆಯವರು ತಲೆದೂಗುವುದಿಲ್ಲವೆ? ಸಂಗೀತಗಳು ಒಂದೇ ಎಂದು ನಾನು ಹೇಳುತ್ತಿಲ್ಲ. ಕಾಯಿಸಿ ಕೊಡುವ ಸುಖ ಮಾತ್ರ ಒಂದೇ ಜಾತಿಯದು. ಕೊನೆಗೆ ಕಾಲು ನನ್ನನ್ನು ಕೇಳದೆ ಆಡತೊಡಗಿತು; ಧೋತರದ ವಂಶದವನು ಪ್ಯಾಂಟಿನಲ್ಲಿ ಕುಣಿದೆನು.

ನನ್ನ ಗೆಳೆಯನು ಮಾತ್ರ ಕುಣಿಯುವ ಮೊದಲು ಒಂದು ಕೆಲಸ ಮಾಡಿದ್ದನು. ರಸ್ತೆಯ ಎರಡೂ ಬದಿಯಲ್ಲಿ ಉದ್ಯಾನಕ್ಕೆ ಇಳಿಯುವ ದಾರಿಗಳೆಲ್ಲಿವೆ ಎಂದು ನನಗೆ ತೋರಿಸಿ, "ಒತ್ತು ಹೆಚ್ಚಾದರೆ ಮುಂದಕ್ಕೂ ಅಲ್ಲ, ಹಿಂದಕ್ಕೂ ಅಲ್ಲ, ಪಕ್ಕಕ್ಕೆ" ಎಂದು ಎರಡು ಸಲ ಹೇಳಿಸಿದ್ದನು. ಅವನ ಅಕ್ಕ 2010ರ ಜುಲೈ 24ರಂದು ಡೂಯಿಸ್‌ಬುರ್ಗ್‌ನಲ್ಲಿದ್ದಳು. ಬರ್ಲಿನ್ನನ್ನು ಬಿಟ್ಟು ರೂರ್ ಪ್ರಾಂತಕ್ಕೆ ಹೋಗಿದ್ದ ಲವ್ ಪರೇಡನ್ನು ಆ ವರ್ಷ ಹಳೆಯ ಸರಕು ರೈಲು ನಿಲ್ದಾಣದ ಬಯಲಿನಲ್ಲಿ, ಸುತ್ತ ಬೇಲಿ ಹಾಕಿ ನಡೆಸಿದರು. ಸುರಂಗದ ಮೂಲಕ ಬಂದವರೂ ಹೊರಗೆ ಹೊರಟವರೂ ಒಂದೇ ಇಳಿಜಾರಿನಲ್ಲಿ ಎದುರುಬದುರಾದರು. ಸತ್ತವರು 21 ಮಂದಿ, ಗಾಯಗೊಂಡವರು 600ಕ್ಕೂ ಮಿಕ್ಕಿ. ಅವರು ಸತ್ತದ್ದು ಓಡಿದ್ದರಿಂದಲ್ಲ; ಓಡಲು ಎಡೆಯಿಲ್ಲದೆ, ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟಿದ್ದರಿಂದ. ಲವ್ ಪರೇಡ್ ಅಂದಿಗೆ ಮುಗಿಯಿತು. ಮೊಕದ್ದಮೆ 2020ರಲ್ಲಿ ಯಾರಿಗೂ ಶಿಕ್ಷೆಯಿಲ್ಲದೆ, ತೀರ್ಪೂ ಇಲ್ಲದೆ ಮುಕ್ತಾಯವಾಯಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಸತ್ತ ಸುದ್ದಿ ಬಂದಾಗ ನನಗೆ ಆ "ಪಕ್ಕಕ್ಕೆ" ಎಂಬ ಮಾತೇ ಕಿವಿಯಲ್ಲಿ ಮೊಳಗಿತು.

"ಆ ಅಕ್ಕ ಈಗ ಜನಸಂದಣಿಗೆ ಹೋಗುವುದಿಲ್ಲವೇನೋ?" ಎಂದು ನಾನು ಕೇಳಿದೆನು. "ಸಂತೆಗೂ ಹೋಗುವುದಿಲ್ಲ. ಆದರೆ ಮನೆಯಲ್ಲಿ ಅಡುಗೆ ಮಾಡುವಾಗ ಇದೇ ಹಾಡುಗಳನ್ನು ಹಾಕಿಕೊಳ್ಳುತ್ತಾಳೆ" ಎಂದನು.

ಒಂಬತ್ತು ಗಂಟೆಯಾದರೂ ಬಾನಿನಲ್ಲಿ ಬೆಳಕಿತ್ತು. ಗೆಳೆಯನು ಫೋನನ್ನು ಎತ್ತಿ ಹಿಡಿದು, ಎರಡು ನಿಮಿಷ ಏನೂ ಮಾತನಾಡದೆ, ಅವಳಿಗೆ ಆ ಬಡಿತವನ್ನು ಕೇಳಿಸಿದನು.