ವ್ಯಾಪಾರ ಧರ್ಮ: ಹಳೆಯ ಕಾರಿನ ಗುರುತು

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಈಗ ಫೋನಿನಲ್ಲಿ ಫೋಟೋ ನೋಡಿಯೇ ಕೊಳ್ಳುವವರಿದ್ದಾರೆ. ನಂಬರ್ ಪ್ಲೇಟನ್ನು ಯಾರೂ ಬದಲಿಸಬಹುದು. ಕಾರಿನ ನಿಜವಾದ ಗುರುತು ಚಾಸಿಯ ಮೇಲೆ ಒತ್ತಿದ ನಂಬರು. ಮುಂಗಡ ಕೊಡುವ ಮೊದಲು ಸ್ವತಃ ಹೋಗಿ ಚಾಸಿ, ಎಂಜಿನ್ ನಂಬರುಗಳನ್ನು ಆರ್.ಸಿ.ಯೊಡನೆ ಒಂದೊಂದು ಅಂಕಿಯೂ ತಾಳೆ ನೋಡಿರಿ. ಉಜ್ಜಿ ಮತ್ತೆ ಒತ್ತಿದಂತಿದ್ದರೆ ವ್ಯವಹಾರ ಬೇಡ. ಎಂಜಿನ್ ಬದಲಾಗಿದ್ದರೆ ಆರ್.ಸಿ.ಯಲ್ಲಿ ನಮೂದಿರಬೇಕು. ಬೇರೆ ರಾಜ್ಯದ ಕಾರಾದರೆ ಅಲ್ಲಿನ ಆರ್.ಟಿ.ಓ. ನಿರಾಕ್ಷೇಪಣಾ ಪತ್ರ ಕೇಳಿರಿ. ಕಳವಿನ ಕಾರಾದರೆ ಹಣವೂ ಹೋಯಿತು, ಕಾರೂ ಹೋಯಿತು.

ಕದ್ದ ಮಾಲು ಕೊಳ್ಳುವುದು ತದಾಹೃತಾದಾನ. ನಕಲನ್ನು ಅಸಲೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಎರಡೂ ಅಚೌರ್ಯಾಣುವ್ರತದ ಅತಿಚಾರಗಳೇ. ಅಗ್ಗದ ಆಸೆಗೆ ವ್ರತ ಕೆಡಿಸಿಕೊಳ್ಳಬಾರದು.