ಫೋಟೋದಲ್ಲಿ ಯಾರ ಮಕ್ಕಳು?

ವಿದೇಶಕ್ಕೆ ಓದಲು ಹೋದ ನಮ್ಮ ಮಲೆನಾಡಿನ ವಿದ್ಯಾರ್ಥಿಗಳು ಫೋಟೋ ಕಳಿಸುತ್ತಾರೆ: ಹಿಮ ಬಿದ್ದ ಬೀದಿ, ವಿಶ್ವವಿದ್ಯಾನಿಲಯದ ಮೆಟ್ಟಿಲು, ಕೈಯಲ್ಲಿ ಕಾಫಿ. ಓದುವ ಮಕ್ಕಳ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕೇಳದೆ ಬಿಡುವುದಿಲ್ಲ: ಮೂಡಿಗೆರೆ, ಕಳಸದ ತೋಟಗಳಲ್ಲಿ ಕಾಫಿಹಣ್ಣು ಕೊಯ್ಯುವವರ ಮಕ್ಕಳು ಈ ಚಿತ್ರಗಳಲ್ಲಿ ಎಲ್ಲಿ? ಕೂಲಿ ಲೈನಿನ ಮಗುವಿಗೆ ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋವೇ ಗತಿ!

‘ಯೋಗ್ಯತೆಯುಳ್ಳವರು ಹೋಗುತ್ತಾರೆ’ ಎನ್ನುವವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಧ್ಯಾಪಕರು, ಸಹಪಾಠಿಗಳ ನಡುವೆ ಇರುವ ಅಂಬೇಡ್ಕರರ ಫೋಟೋ ನೋಡಲಿ. ಅದಕ್ಕೂ ಮೊದಲು, 1913ರಲ್ಲಿ, ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ: ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಯೋಗ್ಯತೆ ಅವರದು, ದಾರಿ ತೆರೆದದ್ದು ಬೊಕ್ಕಸ.

ನಮ್ಮ ರಾಜ್ಯ ಸರ್ಕಾರವೂ ಪರಿಶಿಷ್ಟ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ‘ಪ್ರಬುದ್ಧ’ ಯೋಜನೆ ತಂದಿತು. ಒಳ್ಳೆಯದೇ. ಆದರೆ ಅಷ್ಟು ದೂರ ಓದು ಸಾಗಬೇಕಲ್ಲ! 1951ರ ತೋಟ ಕಾರ್ಮಿಕರ ಕಾಯ್ದೆ ಶಾಲೆಯ ಮಾತೆತ್ತಿದ್ದು 6ರಿಂದ 12 ವರ್ಷದ ಮಕ್ಕಳಿಗೆ ಮಾತ್ರ. ಆಮೇಲಿನ ಓದು ಯಾರ ಹೊಣೆ?

ಗಿರಣಿಯ ಬಂಧುಗಳೇ, ಅಂಗಡಿಯ ಬಂಧುಗಳೇ, ಬೊಕ್ಕಸ ತುಂಬುವುದು ನಿಮ್ಮ ತೆರಿಗೆಯಿಂದಲೂ ಹೌದು. ಲೈನಿನ ಮಕ್ಕಳಿಗೆ ಕಾಲೇಜು ಮುಗಿಯುವವರೆಗೆ ಹಾಸ್ಟೆಲು, ವಿದ್ಯಾರ್ಥಿವೇತನ ಕೊಡಿರೆಂದು ನಮ್ಮೊಡನೆ ಕೇಳಿರಿ. ಆ ಮಕ್ಕಳ ಫೋಟೋ ಬಂದ ದಿನ ಮೊದಲು ಚಪ್ಪಾಳೆ ತಟ್ಟುವವರು ನಾವೇ.